ಪಿರಮಿಡ್ಡು ಕಟ್ಟಿದ ಮನೆತನ: ಈಜಿಪ್ಟಿನ 4ನೇ ರಾಜವಂಶದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈಜಿಪ್ಟಿನ ಬಗ್ಗೆ ಎಲ್ಲೇ ಮಾತಾಡಿದರೂ ಮೊದಲ ಪ್ರಶ್ನೆ ಏಲಿಯನ್‌ಗಳದ್ದು. ಎರಡನೆಯದು ಗುಲಾಮರದ್ದು. ಮೂರನೆಯದು ಸ್ಫಿಂಕ್ಸ್‌ನ, ಅಂದರೆ ಸಿಂಹದ ಮೈಗೆ ಮನುಷ್ಯನ ತಲೆ ಇರುವ ಆ ದೊಡ್ಡ ಕಲ್ಲುಮೂರ್ತಿಯ ಮೂಗಿನದ್ದು. ಹೀಗೆ ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಆಮೇಲೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ಈ ಮನೆತನದ ಕಲ್ಲುಗಳಿಗಿಂತ ಅವರ ಲೆಕ್ಕದ ಹಾಳೆಗಳು ನನಗೆ ಜಾಸ್ತಿ ಇಷ್ಟ. ಅದಕ್ಕೇ ಕೆಲವು ಉತ್ತರ ಉದ್ದ ಆಗಿವೆ.

## ಮೊದಲಿಗೆ ಗೊತ್ತಿರಬೇಕಾದ್ದು

4ನೇ ರಾಜವಂಶ ಅಂದ್ರೆ ಎಷ್ಟು ಹಳೇದು? ಆಗ ನಮ್ಮ ಕಡೆ ಏನಿತ್ತು?

ಸುಮಾರು ಕ್ರಿ.ಪೂ. 2613ರಿಂದ 2494ರವರೆಗೆ, ಹೆಚ್ಚುಕಡಿಮೆ 120 ವರ್ಷ. ಈ ಇಸವಿಗಳು ಪುಸ್ತಕದಿಂದ ಪುಸ್ತಕಕ್ಕೆ ಕೆಲವು ದಶಕ ಆಚೀಚೆ ಆಗುತ್ತವೆ, ಗಾಬರಿಯಾಗಬೇಡಿ. ಅದೇ ಹೊತ್ತಿಗೆ ಸಿಂಧೂ ಕಣಿವೆಯಲ್ಲಿ ಹರಪ್ಪ, ಮೊಹೆಂಜೊದಾರೊ ದೊಡ್ಡ ಪಟ್ಟಣಗಳಾಗಿ ಬೆಳೆಯುತ್ತಿದ್ದವು. ರಾಯಚೂರು, ಬಳ್ಳಾರಿ ಕಡೆ ದನ ಸಾಕುವ ಜನ ಇದ್ದರು. ಅವರು ಸಗಣಿ ಗುಡ್ಡೆ ಹಾಕಿ ಸುಡುತ್ತಿದ್ದರು. ಆ ಬೂದಿದಿಬ್ಬಗಳು ಇವತ್ತಿಗೂ ಅಲ್ಲಿ ಕಾಣಸಿಗುತ್ತವೆ.

ರಾಜವಂಶಕ್ಕೆ ಹೀಗೆ ನಂಬರ್ ಹಾಕಿದ್ದು ಯಾರು?

ಮನೆಥೋ ಅನ್ನುವ ಈಜಿಪ್ಟಿನ ಪೂಜಾರಿ. ಕ್ರಿ.ಪೂ. 3ನೇ ಶತಮಾನದಲ್ಲಿ, ಗ್ರೀಕ್ ಮೂಲದ ರಾಜರು ಅಲ್ಲಿ ಆಳುತ್ತಿದ್ದಾಗ, ತನ್ನ ದೇಶದ ಚರಿತ್ರೆಯನ್ನು ಗ್ರೀಕಿನಲ್ಲಿ ಬರೆದ. ರಾಜರನ್ನು ಗುಂಪು ಮಾಡಿದ್ದು ಅವನೇ. ಅವನ ಪುಸ್ತಕ ಪೂರ್ತಿ ಉಳಿದಿಲ್ಲ, ಬೇರೆಯವರು ಎತ್ತಿ ಬರೆದುಕೊಂಡ ತುಣುಕುಗಳಷ್ಟೇ ಇವೆ. ನಂಬರು ಮಾತ್ರ ಗಟ್ಟಿಯಾಗಿ ನಿಂತಿತು. ಪಾಪ, ಖುಫುವಿಗೆ ತಾನು 4ನೇ ರಾಜವಂಶದವನು ಅನ್ನೋದು ಗೊತ್ತೇ ಇರಲಿಲ್ಲ.

ಯಾರ್ಯಾರು ಆಳಿದ್ರು? ಚಿಕ್ಕದಾಗಿ ಹೇಳಿ.

ಸ್ನೆಫೆರು, ಅವನ ಮಗ ಖುಫು, ಖುಫುವಿನ ಮಗ ಜೆಡೆಫ್ರೆ, ಇನ್ನೊಬ್ಬ ಮಗ ಖಾಫ್ರೆ, ಖಾಫ್ರೆಯ ಮಗ ಮೆಂಕೌರೆ, ಕೊನೆಗೆ ಶೆಪ್ಸೆಸ್ಕಾಫ್. ನಡುವೆ ಒಂದಿಬ್ಬರು ಸ್ವಲ್ಪ ದಿನ ಆಳಿದರು ಅನ್ನುವ ಮಾತಿದೆ, ಅದರ ಬಗ್ಗೆ ಜಗಳ ಮುಗಿದಿಲ್ಲ. ಈ ಆರು ಹೆಸರು ನೆನಪಿಟ್ಟುಕೊಂಡರೆ ಸಾಕು.

ಶಾಲೆಯಲ್ಲಿ ಚಿಯೋಪ್ಸ್ ಅಂತ ಓದಿದ್ವಿ. ಖುಫು ಬೇರೆನಾ?

ಇಬ್ಬರೂ ಒಬ್ಬರೇ. ಖುಫುವನ್ನು ಗ್ರೀಕರು ಚಿಯೋಪ್ಸ್ ಅಂದರು, ಖಾಫ್ರೆಯನ್ನು ಚೆಫ್ರೆನ್ ಅಂದರು, ಮೆಂಕೌರೆಯನ್ನು ಮೈಸೆರಿನಸ್ ಅಂದರು. ಹಳೇ ಪುಸ್ತಕಗಳಲ್ಲಿ ಗ್ರೀಕ್ ಹೆಸರು, ಹೊಸವುಗಳಲ್ಲಿ ಈಜಿಪ್ಟಿನ ಹೆಸರು.

ಇವರೆಲ್ಲ ಫೇರೋಗಳೇ ಅಲ್ವಾ?

ನಾವು ಹಾಗೆ ಕರೆಯುತ್ತೇವೆ, ಅವರನ್ನು ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆ ಪದಕ್ಕೆ ‘ದೊಡ್ಡ ಮನೆ’ ಅಂತ ಅರ್ಥ, ಅಂದರೆ ಅರಮನೆ. ರಾಜನಿಗೇ ಆ ಹೆಸರು ಅಂಟಿಕೊಂಡಿದ್ದು ಸಾವಿರ ವರ್ಷ ಆದಮೇಲೆ. ‘ಅರಮನೆಯಿಂದ ಅಪ್ಪಣೆ ಆಗಿದೆ’ ಅಂತ ನಾವೂ ಹೇಳುತ್ತಿದ್ದೆವಲ್ಲ, ಹಾಗೇ.

ಟುಟಾಂಖಾಮನ್, ಕ್ಲಿಯೋಪಾತ್ರ ಇದೇ ವಂಶದವರಾ?

ಅಲ್ಲ. ಟುಟಾಂಖಾಮನ್ 18ನೇ ರಾಜವಂಶದವನು, ಖುಫುವಿಗಿಂತ ಸುಮಾರು 1,200 ವರ್ಷ ಈಚೆ. ಕ್ಲಿಯೋಪಾತ್ರ ಸತ್ತಿದ್ದು ಕ್ರಿ.ಪೂ. 30ರಲ್ಲಿ. ಅವಳ ಕಾಲಕ್ಕೇ ಖುಫುವಿನ ದೊಡ್ಡ ಪಿರಮಿಡ್ಡಿಗೆ 2,500 ವರ್ಷ ಆಗಿತ್ತು.

## ಒಬ್ಬೊಬ್ಬ ರಾಜನ ಬಗ್ಗೆ

ಸ್ನೆಫೆರು ಅಂತ ಹೆಸರೇ ಕೇಳಿಲ್ಲ. ಅಷ್ಟು ದೊಡ್ಡ ರಾಜನಾ?

ನನ್ನ ಕೇಳಿದರೆ ಈ ಮನೆತನದ ನಿಜವಾದ ಹೀರೋ ಅವನೇ. ಮೈದುಮ್‌ನಲ್ಲಿ ಒಂದು, ದಹ್ಶೂರ್‌ನಲ್ಲಿ ಎರಡು, ಹೀಗೆ ಮೂರು ದೊಡ್ಡ ಪಿರಮಿಡ್ಡುಗಳ ಕೆಲಸ ಅವನ ಕಾಲದಲ್ಲಿ ನಡೆಯಿತು. ಮೂರನ್ನೂ ಕೂಡಿದರೆ ಸುಮಾರು 35 ಲಕ್ಷ ಘನ ಮೀಟರ್ ಕಲ್ಲು. ಮಗ ಖುಫುವಿನ ಪಿರಮಿಡ್ಡಿನಲ್ಲಿ ಇರುವುದು ಸುಮಾರು 26 ಲಕ್ಷ. ಹೆಸರು ಬಂದಿದ್ದು ಮಗನಿಗೆ.

ಹಳೇ ವರ್ಷಾವಳಿ ಕೆತ್ತಿದ ಒಂದು ಕಲ್ಲಿನ ತುಂಡಿದೆ, ಪಲೆರ್ಮೊ ಶಿಲೆ ಅಂತ ಹೆಸರು. ಅದರಲ್ಲಿ ಸ್ನೆಫೆರುವಿನ ಒಂದೊಂದು ವರ್ಷದ ಬಾಬ್ತುಗಳಿವೆ. 40 ಹಡಗು ತುಂಬ ದೇವದಾರು ಮರ ಬಂತು. ದಕ್ಷಿಣದ ನೂಬಿಯಾದಿಂದ 7,000 ಜನ ಸೆರೆಯಾಳು, 2 ಲಕ್ಷ ಜಾನುವಾರು ಹಿಡಿದು ತಂದರು. ಸಂಖ್ಯೆಯಲ್ಲಿ ಬಡಾಯಿ ಇರಬಹುದು. ಆದರೆ ಲೂಟಿಯನ್ನೂ ಮರದ ದಿಮ್ಮಿಯನ್ನೂ ಒಂದೇ ಕೈ ಒಂದೇ ಥರ ಬರೆದಿಟ್ಟಿದೆ ನೋಡಿ.

ಜನರ ನೆನಪಿನಲ್ಲಿ ಮಾತ್ರ ಅವನು ಒಳ್ಳೆಯವನಾಗಿಯೇ ಉಳಿದ. ನೂರಾರು ವರ್ಷ ಆದಮೇಲೆ ಬರೆದ ಕಥೆಯೊಂದರಲ್ಲಿ ಜ್ಞಾನಿಯೊಬ್ಬ ಭವಿಷ್ಯ ಹೇಳಲು ಬರುತ್ತಾನೆ. ರಾಜ ಗುಮಾಸ್ತನನ್ನು ಕರೆಯುವುದಿಲ್ಲ. ತಾನೇ ಪೆಟ್ಟಿಗೆಗೆ ಕೈಹಾಕಿ ಹಾಳೆ, ಮಸಿ ತೆಗೆದು ಬರೆದುಕೊಳ್ಳುತ್ತಾನೆ. ಇನ್ನೊಂದು ಕಥೆಯಲ್ಲಿ ಬೇಜಾರು ಕಳೆಯಲು ಹುಡುಗಿಯರು ಹುಟ್ಟು ಹಾಕುವ ದೋಣಿಯಲ್ಲಿ ವಿಹಾರ ಹೊರಡುತ್ತಾನೆ. ಒಬ್ಬಳ ವೈಡೂರ್ಯದ ಮೀನಿನ ಪದಕ ನೀರಿಗೆ ಬೀಳುತ್ತದೆ. ‘ಬೇರೆ ಕೊಡಿಸ್ತೀನಿ’ ಅಂದರೂ ಅವಳು ಒಪ್ಪುವುದಿಲ್ಲ, ನನ್ನದೇ ಬೇಕು ಅಂತ ಹಟ ಹಿಡಿದು ಕೂರುತ್ತಾಳೆ. ಕೊನೆಗೆ ಮಂತ್ರವಾದಿ ಬಂದು ಕೆರೆಯ ಅರ್ಧ ನೀರನ್ನು ಇನ್ನರ್ಧದ ಮೇಲೆ ಮಡಿಚಿಟ್ಟು ಪದಕ ತೆಗೆದುಕೊಡಬೇಕಾಗುತ್ತದೆ. ಹುಡುಗಿಯೊಬ್ಬಳು ರಾಜನ ಎದುರು ಹೀಗೆ ಹಟ ಮಾಡಬಹುದು ಅಂತ ಜನ ಕಥೆ ಕಟ್ಟಿದ್ದರು ಅಂದರೆ ಅವನ ಮೇಲೆ ಎಷ್ಟು ಸಲುಗೆ ಇದ್ದಿರಬೇಕು.

ಬಾಗಿದ ಪಿರಮಿಡ್ ಬೇಕಂತ ಬಾಗಿಸಿದ್ದಾ, ಇಲ್ಲ ತಪ್ಪಾಗಿದ್ದಾ?

ಸ್ನೆಫೆರು ದಹ್ಶೂರ್‌ನಲ್ಲಿ ಕಟ್ಟಿಸಿದ ಎರಡರಲ್ಲಿ ಇದೊಂದು. ಲೆಕ್ಕ ತಪ್ಪಿದ್ದನ್ನು ನಡುದಾರಿಯಲ್ಲಿ ಸರಿಮಾಡಿಕೊಂಡಿದ್ದು ಅಂತಲೇ ಹೆಚ್ಚಿನವರ ಅಭಿಪ್ರಾಯ. ಕೆಳಗಿನ ಭಾಗದ ಇಳಿಜಾರು ಸುಮಾರು 54 ಡಿಗ್ರಿ, ತುಂಬಾ ಕಡಿದು. ಒಳಗೆ ಬಿರುಕು ಕಾಣಿಸಿಕೊಂಡವು. ಅವಕ್ಕೆ ಗಾರೆ ಮೆತ್ತಿದ್ದಾರೆ, ಒಂದು ಕೋಣೆಯಲ್ಲಿ ದೇವದಾರು ತೊಲೆ ಆನಿಸಿದ್ದಾರೆ. ಇವತ್ತಿಗೂ ಅವು ಅಲ್ಲೇ ಇವೆ. ಅರ್ಧ ಮೇಲೆ ಹೋದಮೇಲೆ ಇಳಿಜಾರನ್ನು 43 ಡಿಗ್ರಿಗೆ ತಗ್ಗಿಸಿ, ಭಾರ ಕಡಿಮೆ ಮಾಡಿ ಮುಗಿಸಿದರು. ಆಮೇಲೆ ಸ್ವಲ್ಪ ಉತ್ತರಕ್ಕೆ ಹೋಗಿ, ಮೊದಲಿಂದಲೂ 43 ಡಿಗ್ರಿ ಇಟ್ಟು ಕೆಂಪು ಪಿರಮಿಡ್ ಕಟ್ಟಿದರು. ನುಣುಪಾದ ನಾಲ್ಕು ಮೈಯ ನಿಜವಾದ ಪಿರಮಿಡ್ ಸರಿಯಾಗಿ ಕೂತಿದ್ದು ಅಲ್ಲೇ, ಮೊದಲ ಸಲ.

ಖುಫು ಕ್ರೂರಿಯಂತೆ. ಮಗಳನ್ನೇ ಮಾರಿದ್ನಂತೆ. ನಿಜಾನಾ?

ಈ ಕಥೆ ಹೇಳಿದವನು ಗ್ರೀಕ್ ಇತಿಹಾಸಕಾರ ಹೆರೊಡೊಟಸ್. ಅವನು ಈಜಿಪ್ಟಿಗೆ ಹೋಗಿದ್ದು ಕ್ರಿ.ಪೂ. 5ನೇ ಶತಮಾನದಲ್ಲಿ, ಖುಫು ಸತ್ತು 2,000 ವರ್ಷ ಆದಮೇಲೆ. ದಾರಿ ತೋರಿಸುವವರು ಹೇಳಿದ್ದನ್ನೆಲ್ಲ ಬರೆದುಕೊಂಡ. ಹಂಪಿಯ ಗೈಡು ಹೇಳುವ ಕೃಷ್ಣದೇವರಾಯನ ಕಥೆಯನ್ನೆಲ್ಲ ಚರಿತ್ರೆ ಅಂತ ಅಚ್ಚು ಹಾಕಿದರೆ ಹೇಗಿರುತ್ತೆ? ಖುಫುವಿನ ಕಾಲದ ಯಾವ ಬರಹದಲ್ಲೂ ಮಗಳ ಕಥೆಗೆ ಆಧಾರ ಇಲ್ಲ.

ಹಾಗಂತ ಈಜಿಪ್ಟಿನವರೂ ಅವನನ್ನು ಅಪ್ಪನಷ್ಟು ಮೃದುವಾಗಿ ನೆನೆಯಲಿಲ್ಲ. ಸ್ನೆಫೆರುವಿನ ದೋಣಿ ಕಥೆ ಇರುವ ಅದೇ ಹಾಳೆಗಳಲ್ಲಿ ಡೆಡಿ ಅನ್ನುವ ಜಾದೂಗಾರ ಬರುತ್ತಾನೆ. ವಯಸ್ಸು 110, ದಿನಕ್ಕೆ 500 ರೊಟ್ಟಿ, 100 ಹೂಜಿ ಬಿಯರ್. ಕಡಿದ ತಲೆಯನ್ನು ಮತ್ತೆ ಅಂಟಿಸುತ್ತಾನೆ ಅಂತ ಪ್ರಸಿದ್ಧಿ. ಖುಫು ತಕ್ಷಣ ‘ಒಬ್ಬ ಕೈದಿಯನ್ನು ಕರೆತನ್ನಿ’ ಅನ್ನುತ್ತಾನೆ. ಡೆಡಿ ‘ಮನುಷ್ಯರ ಮೇಲೆ ಬೇಡ ಒಡೆಯಾ’ ಅಂತ ಹೇಳಿ ಹೆಬ್ಬಾತಿನ ಮೇಲೆ ಮಾಡಿ ತೋರಿಸುತ್ತಾನೆ.

ಇಷ್ಟು ದೊಡ್ಡ ಪಿರಮಿಡ್ ಕಟ್ಟಿಸಿದವನ ಮುಖ ಹೇಗಿತ್ತು?

ಹೆಸರು ಸಮೇತ ಸಿಕ್ಕ ಅವನ ಪೂರ್ತಿ ಪ್ರತಿಮೆ ಒಂದೇ. ದಂತದ್ದು, ಎತ್ತರ 7.5 ಸೆಂಟಿಮೀಟರ್. ನಿಮ್ಮ ಅಂಗೈಯಲ್ಲಿ ಕೂರುತ್ತೆ. 1903ರಲ್ಲಿ ಅಬಿಡೋಸ್‌ನಲ್ಲಿ ಫ್ಲಿಂಡರ್ಸ್ ಪೆಟ್ರಿಯ ತಂಡಕ್ಕೆ ಸಿಕ್ಕಾಗ ತಲೆ ಮುರಿದುಹೋಗಿತ್ತು. ಮುರಿದಿದ್ದು ಹೊಸದಾಗಿ ಅಂತ ಪೆಟ್ರಿಗೆ ಕಂಡಿತು. ಅಗೆದ ಮಣ್ಣನ್ನೆಲ್ಲ ಜರಡಿ ಹಿಡಿಸಿದ. ವಾರಗಟ್ಟಲೆ ಜರಡಿ ಹಿಡಿದ ಮೇಲೆ ತಲೆ ಸಿಕ್ಕಿತು. 146 ಮೀಟರ್ ಗೋರಿಯ ಒಡೆಯ ಕೊನೆಗೆ ಉಳಿದಿದ್ದು ಒಂದು ಕಿರುಬೆರಳಿನಷ್ಟು.

ಜೆಡೆಫ್ರೆ ಅಣ್ಣನ್ನ ಕೊಂದು ಪಟ್ಟಕ್ಕೆ ಬಂದು, ಆಮೇಲೆ ಗೀಜಾ ಬಿಟ್ಟು ಓಡಿದ ಅಂತಾರಲ್ಲ?

ಅದು ನೂರು ವರ್ಷದ ಹಿಂದಿನ ಊಹೆ. ಧಾರಾವಾಹಿಗೆ ಚೆನ್ನಾಗಿದೆ, ಸಾಕ್ಷಿ ಮಾತ್ರ ಇಲ್ಲ. ಖುಫುವಿನ ಪಿರಮಿಡ್ಡಿನ ಪಕ್ಕ ದೋಣಿ ಹೂತ ಗುಂಡಿಯ ಮುಚ್ಚುಗಲ್ಲುಗಳ ಮೇಲೆ ಜೆಡೆಫ್ರೆಯ ಹೆಸರಿದೆ. ಅಪ್ಪನ ಕೊನೆಯ ಕೆಲಸಗಳನ್ನು ಕ್ರಮವಾಗಿ ಮುಗಿಸಿದವನು ಅವನೇ. ತನ್ನ ಪಿರಮಿಡ್ಡನ್ನು, ಅಪ್ಪನದು ಇರುವ ಗೀಜಾದಿಂದ 8 ಕಿಲೋಮೀಟರ್ ಉತ್ತರಕ್ಕೆ, ಅಬು ರವಾಶ್‌ನ ಗುಡ್ಡದ ಮೇಲೆ ಕಟ್ಟಿಸಿದ. ಜಾಗ ಎತ್ತರದ್ದು. ಆದರೆ ಆಮೇಲಿನವರು ಅಲ್ಲಿಂದ ಕಲ್ಲು ಹೊತ್ತು ಹೊತ್ತು ಈಗ ಬುಡ ಮಾತ್ರ ಉಳಿದಿದೆ. ‘ರಾ ದೇವರ ಮಗ’ ಅಂದರೆ ಸೂರ್ಯನ ಮಗ ಅನ್ನುವ ಬಿರುದು ಮೊದಲು ಕಾಣುವುದು ಇವನ ಹೆಸರಿನ ಜತೆಗೆ. ಆಮೇಲೆ ಸಾವಿರಾರು ವರ್ಷ ಈಜಿಪ್ಟಿನ ರಾಜರು ಅದನ್ನು ಬಿಡಲೇ ಇಲ್ಲ.

ಫೋಟೋದಲ್ಲಿ ನಡುವಿನ ಪಿರಮಿಡ್ಡೇ ದೊಡ್ಡದು ಕಾಣುತ್ತಲ್ಲ?

ಅದು ಖಾಫ್ರೆಯದ್ದು. ಮೂಲದಲ್ಲಿ 143.5 ಮೀಟರ್, ಅಪ್ಪನದಕ್ಕಿಂತ 3 ಮೀಟರ್ ಗಿಡ್ಡ. ಆದರೆ ಕಟ್ಟಿದ ಜಾಗ ಸುಮಾರು 10 ಮೀಟರ್ ಎತ್ತರದಲ್ಲಿದೆ. ಜಾಣ! ತುದಿಯಲ್ಲಿ ಟೋಪಿ ಥರ ಉಳಿದಿರುವುದು ಹಳೇ ನುಣುಪು ಹೊದಿಕೆ ಕಲ್ಲು. ಉಳಿದಿದ್ದನ್ನು ಕೈರೋ ಕಟ್ಟಲು ಕಿತ್ತುಕೊಂಡು ಹೋದರು.

ಸ್ಫಿಂಕ್ಸ್ ಮೂಗು ಹೊಡೆದಿದ್ದು ನೆಪೋಲಿಯನ್ ತಾನೆ?

ಅಲ್ಲ. ನೆಪೋಲಿಯನ್ ಬಂದಿದ್ದು 1798ರಲ್ಲಿ. ಡೆನ್ಮಾರ್ಕಿನ ನೌಕಾಧಿಕಾರಿ ನಾರ್ಡೆನ್ 1737ರಲ್ಲೇ ಬರೆದ ಚಿತ್ರದಲ್ಲಿ ಮೂಗಿಲ್ಲ. 15ನೇ ಶತಮಾನದ ಅರಬ್ ಇತಿಹಾಸಕಾರ ಅಲ್ ಮಕ್ರೀಜಿ, ಸೂಫಿಯೊಬ್ಬ ಸಿಟ್ಟಿನಿಂದ ಒಡೆದ ಅಂತ ಬರೆದಿದ್ದಾನೆ. ಜನ ಸ್ಫಿಂಕ್ಸ್‌ಗೆ ಹರಕೆ ಒಪ್ಪಿಸುತ್ತಿದ್ದುದೇ ಆ ಸಿಟ್ಟಿಗೆ ಕಾರಣವಂತೆ.

73 ಮೀಟರ್ ಉದ್ದ, 20 ಮೀಟರ್ ಎತ್ತರದ ಈ ಸಿಂಹವನ್ನು ಅಲ್ಲೇ ಇದ್ದ ಬಂಡೆಯಲ್ಲಿ ಕಡೆದಿದ್ದಾರೆ. ಸುತ್ತ ತೆಗೆದ ಕಲ್ಲನ್ನೇ ಮುಂದಿನ ಗುಡಿಗೆ ಬಳಸಿದ್ದಾರೆ. ಖಾಫ್ರೆಯೇ ಕಡೆಸಿದ ಅಂತ ಆ ಕಾಲದ ಬರಹ ಇಲ್ಲ. ಅವನ ಗುಡಿ, ಅವನ ಕಲ್ಲುದಾರಿ ಹೊಂದಿಕೊಂಡಿರುವ ರೀತಿಯಿಂದ ಹೆಚ್ಚಿನ ವಿದ್ವಾಂಸರು ಅವನದ್ದೇ ಅನ್ನುತ್ತಾರೆ.

ಮೆಂಕೌರೆ ಪಿರಮಿಡ್ ಯಾಕೆ ಅಷ್ಟು ಚಿಕ್ಕದು? ದುಡ್ಡು ಖಾಲಿ ಆಯ್ತಾ?

65 ಮೀಟರ್ ಎತ್ತರ. ಗಾತ್ರದಲ್ಲಿ ಅಜ್ಜನದ್ದರ ಹತ್ತನೇ ಒಂದು ಭಾಗ. ಬೊಕ್ಕಸ ಬಡವಾಯಿತು ಅಂತ ಎಲ್ಲರೂ ಸುಲಭವಾಗಿ ಹೇಳಿಬಿಡುತ್ತಾರೆ. ಆದರೆ ಅದರ ಕೆಳಗಿನ 16 ಸಾಲಿಗೆ ಹೊದಿಸಿದ್ದು ಗ್ರಾನೈಟ್. ಅದು ಬರಬೇಕಾದ್ದು 800 ಕಿಲೋಮೀಟರಿಗೂ ದೂರದ ಅಸ್ವಾನ್‌ನಿಂದ. ಕೈ ಖಾಲಿಯಾದವರು ಮಾಡುವ ಕೆಲಸವಲ್ಲ ಅದು. ಗಾತ್ರದ ಹುಚ್ಚು ಇಳಿದು ಗುಡಿ, ಶಿಲ್ಪ, ಪೂಜೆಯ ಕಡೆ ಖರ್ಚು ತಿರುಗಿತು ಅಂತ ನನಗನ್ನಿಸುತ್ತದೆ. ರಾಜ ರಾಣಿ ಜತೆಯಲ್ಲಿ ನಿಂತ ಅವನ ಶಿಲ್ಪ ಬಾಸ್ಟನ್ನಿನಲ್ಲಿದೆ. ರಾಣಿಯ ಒಂದು ಕೈ ಅವನ ಸೊಂಟ ಬಳಸಿದೆ, ಇನ್ನೊಂದು ಅವನ ತೋಳಿನ ಮೇಲಿದೆ.

ಈ ಪಿರಮಿಡ್ಡಿಗೆ ಗ್ರಹಚಾರ ಜಾಸ್ತಿ. 1196ರಲ್ಲಿ ಸುಲ್ತಾನ ಸಲಾದಿನ್‌ನ ಮಗ ಇದನ್ನು ಕೆಡವಲು ಹೊರಟ. ಎಂಟು ತಿಂಗಳು ಒಡೆಸಿ ಸುಸ್ತಾಗಿ ಬಿಟ್ಟ. ಉತ್ತರದ ಮೈಮೇಲಿನ ಆ ಸೀಳು ಈಗಲೂ ಇದೆ. ಒಳಗಿದ್ದ ಕಲ್ಲಿನ ಶವಪೆಟ್ಟಿಗೆಯನ್ನು ಇಂಗ್ಲೆಂಡಿಗೆ ಸಾಗಿಸುತ್ತಿದ್ದ ‘ಬಿಯಾಟ್ರಿಸ್’ ಹಡಗು 1838ರಲ್ಲಿ ಮುಳುಗಿತು. ಪೆಟ್ಟಿಗೆ ಇವತ್ತಿಗೂ ಸಮುದ್ರದ ತಳದಲ್ಲಿದೆ.

ರಾಣಿಯರ ಬಗ್ಗೆ ಏನೂ ಗೊತ್ತಿಲ್ವಾ?

ಗೊತ್ತಿದೆ. ಖುಫುವಿನ ತಾಯಿ ಹೆಟೆಫೆರೆಸ್‌ಳ ಗೋರಿ ಸಿಕ್ಕ ಕಥೆಯನ್ನಂತೂ ಹೇಳಲೇಬೇಕು. 1925ರಲ್ಲಿ ಗೀಜಾದಲ್ಲಿ ಫೋಟೋ ತೆಗೆಯುವವನು ಕ್ಯಾಮೆರಾ ಸ್ಟ್ಯಾಂಡ್ ಊರುತ್ತಿದ್ದ. ಕಾಲು ಊರಿದ ಕಡೆ ನೆಲ ಗಾರೆಯದು ಅಂತ ಕಂಡಿತು. ಅಗೆದರೆ ಆಳದ ಬಾವಿ, ತಳದಲ್ಲಿ ಕೋಣೆ. ಚಿನ್ನದ ತಗಡು ಹೊದಿಸಿದ ಮಂಚ, ಕುರ್ಚಿ, ಮೇನೆ, ಚಿಟ್ಟೆ ಚಿತ್ರದ ಬೆಳ್ಳಿ ಬಳೆಗಳು ಸಿಕ್ಕವು. ಮರ ಪುಡಿಯಾಗಿತ್ತು. ಒಂದೊಂದು ಚೂರಿನ ಜಾಗ ಗುರುತು ಹಾಕಿಕೊಂಡೇ ಎತ್ತಿದರು. 1927ರಲ್ಲಿ ದೊಡ್ಡವರನ್ನೆಲ್ಲ ಸೇರಿಸಿಕೊಂಡು, ಮುಚ್ಚಳ ಭದ್ರವಾಗಿದ್ದ ಶವಪೆಟ್ಟಿಗೆ ತೆರೆದರು. ಒಳಗೆ ಏನೂ ಇರಲಿಲ್ಲ. ರಾಣಿ ಎಲ್ಲಿ ಹೋದಳು ಅನ್ನುವುದು ಇನ್ನೂ ಬಿಡಿಸದ ಒಗಟು.

## ಕಟ್ಟಿದ್ದು ಹೇಗೆ

ಗುಲಾಮರಿಗೆ ಚಾಟಿ ಹೊಡೆದು ಕಟ್ಟಿಸಿದ್ದಲ್ವಾ?

ಸಿನಿಮಾದಲ್ಲಿ ಹೌದು. 1990ರಲ್ಲಿ ಗೀಜಾದ ದಕ್ಷಿಣಕ್ಕೆ ಕುದುರೆಯೊಂದು ಮಣ್ಣಿನ ಗೋಡೆಗೆ ಎಡವಿತು. ಅಲ್ಲಿ ಸಿಕ್ಕಿದ್ದು ಕೆಲಸಗಾರರ ಸ್ಮಶಾನ. ರಾಜನ ಪಿರಮಿಡ್ಡಿನ ಹತ್ತಿರವೇ, ಮುಂದಿನ ಜನ್ಮಕ್ಕೆ ಬೇಕಾದ ರೊಟ್ಟಿ, ಬಿಯರಿನ ಮಡಕೆ ಜತೆಗಿಟ್ಟು ಹೂತಿದ್ದಾರೆ. ಮೂಳೆಗಳಲ್ಲಿ ಭಾರ ಹೊತ್ತು ಸವೆದ ಬೆನ್ನು ಕಾಣುತ್ತದೆ. ಮುರಿದ ಕೈ ನೇರವಾಗಿ ಕೂಡಿಕೊಂಡಿರುವುದೂ ಕಾಣುತ್ತದೆ. ಅಂದರೆ ಮೂಳೆ ಕೂರಿಸಿ ಪಟ್ಟಿ ಕಟ್ಟುವವರು ಇದ್ದರು.

ಹಾಗಂತ ಎಲ್ಲರೂ ಖುಷಿಯಿಂದ ಬಂದರು ಅನ್ನೋದೂ ಅತಿಯಾಯಿತು. ಊರೂರಿನಿಂದ ಸರದಿ ಪ್ರಕಾರ ಆಳು ಕಳಿಸಬೇಕಿತ್ತು, ಬಿಟ್ಟಿ ದುಡಿಮೆಯ ಥರ. ಸ್ನೆಫೆರು ತಂದ ಸೆರೆಯಾಳುಗಳನ್ನೂ ಮರೆಯಬಾರದು. ಜತೆಗೆ ವರ್ಷವಿಡೀ ಇರುವ ನುರಿತ ಕಲ್ಲುಕುಟಿಗರು ಇದ್ದರು. ಹೆರೊಡೊಟಸ್ ಹೇಳುವ ಲಕ್ಷ ಜನರ ಲೆಕ್ಕವನ್ನು ಈಗ ಯಾರೂ ಒಪ್ಪುವುದಿಲ್ಲ. ಒಂದು ಹೊತ್ತಿಗೆ 20-25 ಸಾವಿರ ಅನ್ನುವುದು ಈಗಿನ ಸಾಮಾನ್ಯ ಅಂದಾಜು. ಗುಂಪುಗಳಿಗೆ ಅಡ್ಡಹೆಸರೂ ಇದ್ದವು: ‘ಖುಫುವಿನ ಗೆಳೆಯರು’, ‘ಮೆಂಕೌರೆಯ ಕುಡುಕರು’. ಕಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ ಗೀಚಿಟ್ಟಿದ್ದಾರೆ.

ಅಷ್ಟು ಜನಕ್ಕೆ ಊಟ ಎಲ್ಲಿಂದ?

ಸ್ಫಿಂಕ್ಸ್‌ನ ದಕ್ಷಿಣಕ್ಕೆ ‘ಕಾಗೆ ಗೋಡೆ’ ಅಂತ ಕರೆಯುವ ದೊಡ್ಡ ಕಲ್ಲುಗೋಡೆ ಇದೆ. ಅದರಾಚೆ ಮಾರ್ಕ್ ಲೇನರ್ ತಂಡ ಇಡೀ ಕೆಲಸಗಾರರ ಊರನ್ನೇ ಅಗೆದು ತೆಗೆದಿದೆ. ರೊಟ್ಟಿಮನೆಗಳು ಸಿಕ್ಕಿವೆ. ದಪ್ಪ ಮಣ್ಣಿನ ಗಂಟೆಯಾಕಾರದ ಅಚ್ಚಿನಲ್ಲಿ ಹಿಟ್ಟು ಸುರಿದು, ಮೇಲೊಂದು ಅಚ್ಚು ಬೋರಲು ಮುಚ್ಚಿ, ಬಿಸಿ ಬೂದಿ ಕೆಂಡದಲ್ಲಿ ಹೂತು ಬೇಯಿಸುತ್ತಿದ್ದರು. ದನ, ಕುರಿ, ಆಡು, ಮೀನಿನ ಮೂಳೆ ರಾಶಿ ರಾಶಿ ಇವೆ. ದನಗಳಲ್ಲಿ ಬಹಳಷ್ಟು ಎಳೇ ಹೋರಿಗಳದ್ದು. ಅಂದರೆ ದೂರದ ಹುಲ್ಲುಗಾವಲುಗಳಲ್ಲಿ ಇದಕ್ಕಾಗಿಯೇ ಸಾಕಿ, ಹೊಡೆದುಕೊಂಡು ಬರುತ್ತಿದ್ದರು. ಮದುವೆ ಮನೆಯಲ್ಲಿ ಸಾವಿರ ಎಲೆ ಹಾಕಿಸಿದವರಿಗೆ ಇದು ಎಂಥ ಕೆಲಸ ಅಂತ ಗೊತ್ತಾಗುತ್ತೆ. ಇಲ್ಲಿ ಇಪ್ಪತ್ತು ಸಾವಿರ ಎಲೆ, ದಿನಾ, ಇಪ್ಪತ್ತೈದು ವರ್ಷ.

ಪಿರಮಿಡ್ ಕಟ್ಟಿದವರ ಡೈರಿ ಸಿಕ್ಕಿದೆಯಂತೆ?

ಸಿಕ್ಕಿದೆ, ಮತ್ತು ನನ್ನ ಮಟ್ಟಿಗೆ ಟುಟಾಂಖಾಮನ್‌ನ ಚಿನ್ನದ ಮುಖವಾಡಕ್ಕಿಂತ ಇದೇ ದೊಡ್ಡ ನಿಧಿ. 2013ರಲ್ಲಿ ಪಿಯರ್ ತಾಲೆ ಅವರ ತಂಡಕ್ಕೆ, ಕೆಂಪು ಸಮುದ್ರದ ದಡದ ವಾಡಿ ಅಲ್ ಜರ್ಫ್‌ನಲ್ಲಿ ಸಿಕ್ಕಿತು. ಖುಫುವಿನ ಕಾಲದ ಬಂದರು ಅದು. ಬರಹ ಇರುವ ಪಪೈರಸ್‌ಗಳಲ್ಲಿ, ಅಂದರೆ ಜೊಂಡಿನಿಂದ ಮಾಡಿದ ಹಾಳೆಗಳಲ್ಲಿ, ಇದಕ್ಕಿಂತ ಹಳೆಯದು ಇದುವರೆಗೆ ಸಿಕ್ಕಿಲ್ಲ.

ಬರೆಸಿದವನು ಮೆರೆರ್, ಸುಮಾರು 40 ಜನರ ದೋಣಿ ತಂಡದ ಮೇಸ್ತ್ರಿ. ನೈಲ್‌ನ ಆಚೆ ದಡದ ತೂರಾ ಗಣಿಯಿಂದ ಬಿಳಿ ಸುಣ್ಣದಕಲ್ಲನ್ನು ಗೀಜಾಕ್ಕೆ ಸಾಗಿಸುವುದು ಅವನ ಕೆಲಸ. ದಿನಕ್ಕೊಂದು ಸಾಲು. 25ನೇ ದಿನ ತೂರಾದಲ್ಲಿ ಕಲ್ಲು ಎಳೆದೆವು, ರಾತ್ರಿ ಅಲ್ಲೇ. 26ನೇ ದಿನ ಕಲ್ಲು ತುಂಬಿಕೊಂಡು ಹೊರಟೆವು, ರಾತ್ರಿ ಖುಫುವಿನ ಕೆರೆ ಹತ್ತಿರ. 27ನೇ ದಿನ ಪಿರಮಿಡ್ ತಲುಪಿದೆವು, ರಾತ್ರಿ ಅಲ್ಲೇ. 28ನೇ ದಿನ ಬೆಳಿಗ್ಗೆ ಮತ್ತೆ ತೂರಾ ಕಡೆ. ಇಷ್ಟೇ. ದೇವರಿಲ್ಲ, ರಾಜನ ಹೊಗಳಿಕೆ ಇಲ್ಲ, ‘ನಾವು ಅದ್ಭುತ ಕಟ್ಟುತ್ತಿದ್ದೇವೆ’ ಅನ್ನುವ ಭಾವನೆಯೂ ಇಲ್ಲ. ಲಾರಿ ಡ್ರೈವರನ ಟ್ರಿಪ್‌ಶೀಟ್ ಓದಿದ ಹಾಗಿರುತ್ತೆ. ಹತ್ತು ದಿನಕ್ಕೆ ಎರಡು ಮೂರು ಟ್ರಿಪ್.

ಜತೆಗೆ ಸಿಕ್ಕ ಲೆಕ್ಕದ ಹಾಳೆಗಳಲ್ಲಿ ಕೆಂಪು, ಕಪ್ಪು ಶಾಯಿ ಎರಡೂ ಇವೆ. ಬರಬೇಕಾದ್ದು, ಬಂದಿದ್ದು, ಬಾಕಿ ಅಂತ ಬೇರೆ ಬೇರೆ ಕಾಲಂ. ನಮ್ಮೂರ ಕಿರಾಣಿ ಅಂಗಡಿಯ ಖಾತೆ ಪುಸ್ತಕಕ್ಕೂ ಇದಕ್ಕೂ ಏನು ವ್ಯತ್ಯಾಸ? ಕೆಲಸದ ಉಸ್ತುವಾರಿಗೆ ಇದ್ದವನು ಅಂಖಹಾಫ್, ಖುಫುವಿನ ಮಲತಮ್ಮ. ಪಿರಮಿಡ್ ಕೆಲಸದ ಟ್ರಿಪ್ ಮುಗಿಸಿದ ಮೇಲೆ ಮೆರೆರ್‌ನ ತಂಡ ಕೆಂಪು ಸಮುದ್ರಕ್ಕೆ ಹೋಯಿತು. ಸೈನಾಯ್‌ನ ತಾಮ್ರಕ್ಕೆ ದೋಣಿ ಹೊರಡುತ್ತಿದ್ದುದು ಅಲ್ಲಿಂದಲೇ. ಹಳೇ ಹಾಳೆಗಳು ಅಲ್ಲಿನ ಗುಹೆ ಮುಚ್ಚಿದ ಬಂಡೆಗಳ ನಡುವೆ ಉಳಿದುಬಿಟ್ಟವು.

ಕಬ್ಬಿಣ ಇಲ್ಲ, ಚಕ್ರದ ಗಾಡಿ ಇಲ್ಲ. ಮತ್ತೆ ಹೇಗೆ?

ಸುಣ್ಣದಕಲ್ಲು ಮೆದು, ತಾಮ್ರದ ಉಳಿಗೆ ಬಗ್ಗುತ್ತದೆ. ಗ್ರಾನೈಟಿಗೆ ಅದಕ್ಕಿಂತ ಗಟ್ಟಿಯಾದ ಡಾಲರೈಟ್ ಗುಂಡಿನಿಂದ ಕುಟ್ಟಿ ಕುಟ್ಟಿ ಪುಡಿ ಮಾಡುವುದು, ಮರಳು ಹಾಕಿ ತಾಮ್ರದ ಅಲಗಿನಿಂದ ಉಜ್ಜುವುದು. ಸಾಗಿಸಲು ನದಿ. ನೆಲದ ಮೇಲೆ ಚಕ್ರವಿಲ್ಲದ ಮರದ ಗಾಡಿ, ಜಾರಿಸಿಕೊಂಡು ಎಳೆಯುವಂಥದ್ದು. ಮರಳಿಗೆ ಹದವಾಗಿ ನೀರು ಚಿಮುಕಿಸಿದರೆ ಎಳೆಯುವ ಬಲ ಅರ್ಧಕ್ಕೆ ಇಳಿಯುತ್ತದೆ ಅಂತ 2014ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನವರು ಅಳೆದು ತೋರಿಸಿದರು. 12ನೇ ರಾಜವಂಶದ ಒಂದು ಗೋರಿಚಿತ್ರದಲ್ಲಿ ದೊಡ್ಡ ಪ್ರತಿಮೆ ಎಳೆಯುವಾಗ ಮುಂದೆ ನಿಂತವನು ನೀರು ಸುರಿಯುತ್ತಿದ್ದಾನೆ. ಅದನ್ನು ಪೂಜೆ ಅಂದುಕೊಂಡವರೂ ಇದ್ದರು! 2018ರಲ್ಲಿ ಹತ್‌ನುಬ್ ಗಣಿಯಲ್ಲಿ ಖುಫುವಿನ ಕಾಲದ ಕಡಿದಾದ ಏರುದಾರಿ ಸಿಕ್ಕಿತು. ಎರಡೂ ಪಕ್ಕ ಮೆಟ್ಟಿಲು, ಕಂಬ ನೆಟ್ಟ ಗುಣಿ. ಕಂಬಕ್ಕೆ ಹಗ್ಗ ಸುತ್ತಿ ಎಳೆದಿರಬೇಕು. ಪಿರಮಿಡ್ಡಿನ ಏರುದಾರಿ ಯಾವ ಆಕಾರದಲ್ಲಿತ್ತು ಅನ್ನುವುದಕ್ಕೆ ಮಾತ್ರ ಹತ್ತು ಜನಕ್ಕೆ ಹತ್ತು ಅಭಿಪ್ರಾಯ.

ಎರಡೂವರೆ ನಿಮಿಷಕ್ಕೊಂದು ಕಲ್ಲು ಇಟ್ರಂತೆ. ಸಾಧ್ಯನಾ?

ಸುಮಾರು 23 ಲಕ್ಷ ಕಲ್ಲು. 27 ವರ್ಷ, ದಿನಕ್ಕೆ 10 ಗಂಟೆ ಅಂತ ಭಾಗಿಸಿದರೆ ಗಂಟೆಗೆ 23 ಬರುತ್ತದೆ, ಲೆಕ್ಕ ಸರಿ. ಗಾಬರಿ ಹುಟ್ಟಿಸುವುದು ಒಂದೇ ತಂಡ ಅಂದುಕೊಂಡಾಗ. ನಾಲ್ಕೂ ಕಡೆ ಹತ್ತಾರು ತಂಡ ಇದ್ದರೆ ಒಂದೊಂದು ತಂಡಕ್ಕೆ ಒಂದು ಕಲ್ಲಿಗೆ ಅರ್ಧ ಗಂಟೆಗೂ ಜಾಸ್ತಿ ಸಿಗುತ್ತದೆ. ಜತೆಗೆ ಕಲ್ಲಿನ ಬಹುಪಾಲು ಇರುವುದು ಕೆಳಗಿನ ಭಾಗದಲ್ಲಿ, ಗಣಿಯೂ ಅಲ್ಲೇ ಪಕ್ಕದಲ್ಲಿ.

ಏಲಿಯನ್ಸ್?

ಇಲ್ಲ. ಮೈದುಮ್‌ನ ಹೊರಮೈ ಕುಸಿದಿದೆ, ದಹ್ಶೂರ್‌ನದು ಬಾಗಿದೆ, ಅದರ ಮುಂದಿನದು ನೆಟ್ಟಗಾಗಿದೆ. ಬೇರೆ ಗ್ರಹದಿಂದ ಬಂದವರಿಗೆ ಇಷ್ಟು ತಪ್ಪು ಮಾಡುವ ಗ್ರಹಚಾರ ಏನಿತ್ತು?

## ಇನ್ನೂ ಆಳಕ್ಕೆ ಹೋಗುವವರಿಗೆ

ಖುಫು ಎಷ್ಟು ವರ್ಷ ಆಳಿದ? ಒಂದೊಂದು ಕಡೆ ಒಂದೊಂದು ಇದೆ.

ಹೆರೊಡೊಟಸ್ 50 ಅನ್ನುತ್ತಾನೆ, ಮನೆಥೋ 63, ಹಳೇ ರಾಜರ ಪಟ್ಟಿ ಇರುವ ಟ್ಯುರಿನ್ ಪಪೈರಸ್ 23. ಆ ಕಾಲದಲ್ಲಿ ಇಸವಿ ಇರಲಿಲ್ಲ. ತೆರಿಗೆಗಾಗಿ ದೇಶದ ದನ ಎಣಿಸುತ್ತಿದ್ದರು, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ. ‘ಇಷ್ಟನೇ ದನದೆಣಿಕೆಯ ವರ್ಷ’ ಅಂತ ಬರೆಯುತ್ತಿದ್ದರು. ಮೆರೆರ್‌ನ ಹಾಳೆಗಳಲ್ಲಿ ‘13ನೇ ಎಣಿಕೆಯ ಮರುವರ್ಷ’ ಅಂತಿದೆ. ಅಂದರೆ 26 ಅಥವಾ 27ನೇ ವರ್ಷ. ಟ್ಯುರಿನ್‌ನ 23 ಕಡಿಮೆಯಾಯಿತು ಅಂತ ದೋಣಿ ಮೇಸ್ತ್ರಿಯೊಬ್ಬ ತೋರಿಸಿಕೊಟ್ಟ ಹಾಗಾಯಿತು.

ದೊಡ್ಡ ಪಿರಮಿಡ್ಡಿನೊಳಗೆ ಗುಪ್ತ ಕೋಣೆ ಸಿಕ್ಕಿದೆಯಂತೆ?

ಕೋಣೆ ಅನ್ನಬೇಡಿ, ಖಾಲಿ ಜಾಗ ಅನ್ನಿ. ಆಕಾಶದಿಂದ ಸದಾ ಸುರಿಯುವ ಮ್ಯುವಾನ್ ಕಣಗಳು ಕಲ್ಲಿನಲ್ಲಿ ಕಡಿಮೆ, ಖಾಲಿ ಜಾಗದಲ್ಲಿ ಜಾಸ್ತಿ ದಾಟುತ್ತವೆ. ಅದನ್ನು ಹಿಡಿದು, ಎಕ್ಸ್‌ರೇ ತೆಗೆದ ಹಾಗೆ ನೋಡಿದ್ದಾರೆ. 2017ರಲ್ಲಿ ದೊಡ್ಡ ಓಣಿಯ ಮೇಲೆ ಕನಿಷ್ಠ 30 ಮೀಟರ್ ಉದ್ದದ ಖಾಲಿ ಜಾಗ ಇದೆ ಅಂತ ಪ್ರಕಟವಾಯಿತು. 2023ರಲ್ಲಿ ಉತ್ತರದ ಬಾಗಿಲ ಮೇಲಿನ 9 ಮೀಟರ್ ಓಣಿಯೊಳಕ್ಕೆ ಸಣ್ಣ ಕ್ಯಾಮೆರಾ ತೂರಿಸಿ ನೋಡಿದರು. ಖಾಲಿ. ಭಾರ ಹಂಚಲು ಬಿಟ್ಟಿದ್ದಿರಬಹುದು.

ಈ ಮನೆತನ ಮುಗಿದದ್ದು ಹೇಗೆ? ಯುದ್ಧ ಆಯ್ತಾ?

ಯುದ್ಧದ ಗುರುತಿಲ್ಲ. ಶೆಪ್ಸೆಸ್ಕಾಫ್ ಅಪ್ಪ ಮೆಂಕೌರೆಯ ಗುಡಿಯನ್ನು ಇಟ್ಟಿಗೆಯಲ್ಲಿ ಮುಗಿಸಿದ. ತನಗೆ ಪಿರಮಿಡ್ಡೇ ಕಟ್ಟಿಸಲಿಲ್ಲ. ದಕ್ಷಿಣ ಸಕ್ಕಾರಾದಲ್ಲಿ ಸುಮಾರು 100 ಮೀಟರ್ ಉದ್ದದ ಮಸ್ತಬಾ ಕಟ್ಟಿಸಿದ. ಅರಬ್ಬಿಯಲ್ಲಿ ಮಸ್ತಬಾ ಅಂದರೆ ಜಗಲಿ. ಊರವರು ಅದನ್ನು ‘ಫೇರೋನ ಜಗಲಿ’ ಅನ್ನುತ್ತಾರೆ. ಯಾಕೆ ಹೀಗೆ ಬದಲಾಯಿಸಿದ ಅನ್ನುವುದಕ್ಕೆ ಸೂರ್ಯ ಪೂಜಾರಿಗಳ ಜತೆ ಜಗಳ ಅಂತ ಒಂದು ಹಳೇ ವಾದ ಇದೆ, ನನಗದು ಹಿಡಿಸುವುದಿಲ್ಲ. ಮುಂದೆ ಯೂಸರ್ಕಾಫ್ ಬಂದ, ಅವನಿಂದ 5ನೇ ರಾಜವಂಶ ಶುರು. ಎರಡೂ ಮನೆತನದ ನಡುವಿನ ಕೊಂಡಿ ಖೆಂಟ್‌ಕೌಸ್ ಅನ್ನುವ ರಾಣಿ ಇರಬೇಕು. ಗೀಜಾದಲ್ಲಿರುವ ಅವಳ ಗೋರಿಯಲ್ಲಿ ಕೆತ್ತಿದ ಬಿರುದನ್ನು ‘ಇಬ್ಬರು ರಾಜರ ತಾಯಿ’ ಅಂತಲೂ ಓದಬಹುದು, ‘ರಾಜನೂ ಆಗಿದ್ದ, ರಾಜನ ತಾಯಿ’ ಅಂತಲೂ ಓದಬಹುದು.

ಈಜಿಪ್ಟಿನಲ್ಲಿ ಕನ್ನಡ ಮಾತು ಸಿಕ್ಕಿದೆಯಲ್ಲ, ಅದು ಇದೇ ಕಾಲದ್ದಾ?

ಅಲ್ಲವೇ ಅಲ್ಲ. ಆಕ್ಸಿರಿಂಕಸ್‌ನ ಕಸದ ದಿಬ್ಬದಲ್ಲಿ ಸಿಕ್ಕ ಗ್ರೀಕ್ ಪ್ರಹಸನ ಕ್ರಿ.ಶ. 2ನೇ ಶತಮಾನದ ಸುಮಾರಿನದು, ಖುಫುವಿನಿಂದ ಸುಮಾರು 2,700 ವರ್ಷ ಈಚೆ. ಅದರೊಳಗಿನ ವಿಚಿತ್ರ ಮಾತುಗಳು ಕನ್ನಡ ಅಂತ 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಜ್ ವಾದಿಸಿದರು. ಶಾಮಶಾಸ್ತ್ರಿ, ಗೋವಿಂದ ಪೈ ಅವರೂ ಆ ದಾರಿಯಲ್ಲಿ ನಡೆದರು. ಇಂಗ್ಲೆಂಡಿನ ವಿದ್ವಾಂಸ ಬಾರ್ನೆಟ್ ಒಪ್ಪಲಿಲ್ಲ. ಕರಾವಳಿಗೂ ರೋಮನ್ ಈಜಿಪ್ಟಿಗೂ ವ್ಯಾಪಾರ ಇದ್ದದ್ದು ನಿಜ. ಪಿರಮಿಡ್ಡಿಗೂ ಅದಕ್ಕೂ ಸಂಬಂಧ ಇಲ್ಲ.

ಈಜಿಪ್ಟಿಗೆ ಹೋದ್ರೆ ಗೀಜಾ ಬಿಟ್ಟು ಏನು ನೋಡ್ಬೇಕು?

ದಹ್ಶೂರ್. ಕೈರೋದಿಂದ ಒಂದು ಗಂಟೆ ದಾರಿ, ಜನಜಂಗುಳಿ ಇಲ್ಲ. ಕೆಂಪು ಪಿರಮಿಡ್ಡಿನ ಹೊರಮೈಯಲ್ಲಿ 28 ಮೀಟರ್ ಮೇಲೆ ಬಾಗಿಲಿದೆ. ಅಲ್ಲಿಗೆ ಹತ್ತಿ, ಆಮೇಲೆ 60 ಮೀಟರಿಗೂ ಉದ್ದದ ಇಳಿಜಾರು ಓಣಿಯಲ್ಲಿ ಬೆನ್ನು ಬಗ್ಗಿಸಿಕೊಂಡು ಇಳಿಯಬೇಕು. ಓಣಿ ಒಂದು ಮೀಟರೂ ಎತ್ತರ ಇಲ್ಲ. ಒಳಗೆ ಮೂತ್ರದ ವಾಸನೆಯಂಥ ಘಾಟು ಕಣ್ಣಿಗೆ ಹೊಡೆಯುತ್ತದೆ. ತಳ ಮುಟ್ಟಿ ನೆಟ್ಟಗೆ ನಿಂತು ತಲೆ ಎತ್ತಿದರೆ, ಎರಡೂ ಗೋಡೆ ಸಾಲು ಸಾಲಾಗಿ ಒಳಕ್ಕೆ ಚಾಚಿಕೊಳ್ಳುತ್ತ ಹನ್ನೆರಡು ಮೀಟರ್ ಮೇಲೆ ಕೂಡುತ್ತವೆ. ನಾಲ್ಕೂವರೆ ಸಾವಿರ ವರ್ಷದಲ್ಲಿ ಒಂದು ಕಲ್ಲೂ ಜಾರಿಲ್ಲ. ಹೊರಗೆ ಬಂದು ಕೂತರೆ ದಕ್ಷಿಣಕ್ಕೆ ಬಾಗಿದ ಪಿರಮಿಡ್ ಕಾಣುತ್ತದೆ. 2019ರಿಂದ ಅದರ ಒಳಗೂ ಬಿಡುತ್ತಿದ್ದಾರೆ. ಎರಡನ್ನೂ ಒಂದೇ ದಿನ ಇಳಿಯಬೇಡಿ. ಒಂದನ್ನೇ ಇಳಿದು ಹತ್ತಿದ ನಾನು ಮಾರನೇ ದಿನ ಹೋಟೆಲಿನ ಮೆಟ್ಟಿಲನ್ನು ಗೋಡೆ ಹಿಡಿದು, ಅಡ್ಡಡ್ಡ ಇಳಿದೆ.